ಪರ್ಸಿ ಕಲ್ಲಿನ ಮನೆಯಲ್ಲಿ ಬೇಸಿಗೆ ರಜೆ

ಹೋಳಿ ಹುಣ್ಣಿಮೆ ದಾಟಿತೆಂದರೆ ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆ ಸೂರ್ಯ ಸಲಿಗೆ ಬಿಡುತ್ತಾನೆ. ಮೇ ತಿಂಗಳಲ್ಲಿ ಪಾದರಸ 42 ಡಿಗ್ರಿ ಮುಟ್ಟಿತು ಎಂದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಅದೇ ಹೊತ್ತಿಗೆ ಶಾಲೆಗಳಿಗೆ ರಜೆ. ಬೆಂಗಳೂರು, ಪುಣೆ, ಹೈದರಾಬಾದಿನಿಂದ ಮೊಮ್ಮಕ್ಕಳು ಅಜ್ಜನ ಮನೆಗೆ ಬಂದಿಳಿಯುತ್ತಾರೆ. ಮನೆಯ ಅತಿ ಹಿರಿಯರೂ ಅತಿ ಕಿರಿಯರೂ ದಿನವಿಡೀ ಒಟ್ಟಿಗಿರುವ ತಿಂಗಳು ಇದು. ಬಿಸಿಲು ಮೊದಲು ಹಿಡಿಯುವುದೂ ಇವರಿಬ್ಬರನ್ನೇ. ಹಾಗಾಗಿ ಈ ಲೇಖನ ಇಬ್ಬರಿಗೂ ಸೇರಿದ್ದು. ಅಜ್ಜಿಯ ಕನ್ನಡಕ ಸಿಗುವ ತನಕ ಮೊಮ್ಮಗಳು ಜೋರಾಗಿ ಓದಿ ಹೇಳಲಿ.

ಮನೆತೋಟ, ಅಂಗಳದ ಕೆಲಸ ಹೇಳಿಕೊಡುತ್ತ ನಾನು ಈ ಊರುಗಳಲ್ಲಿ ಸಾಕಷ್ಟು ತಿರುಗಿದ್ದೇನೆ. ಎಲ್ಲಿ ಹೋದರೂ ಮೊದಲು ಎದುರಾಗುವುದು ಕಲ್ಲು. ನೆಲಕ್ಕೆ ಕಲ್ಲು, ಗೋಡೆಗೆ ಕಲ್ಲು, ಕಟ್ಟೆಗೆ ಕಲ್ಲು, ಬಚ್ಚಲಿಗೂ ಕಲ್ಲು. ಊರವರು ‘ಪರ್ಸಿ’ ಎನ್ನುತ್ತಾರೆ, ಹೊರಗಿನವರು ‘ಶಹಾಬಾದ್ ಕಲ್ಲು’ ಎನ್ನುತ್ತಾರೆ. ಈ ಕಲ್ಲಿನ ಸ್ವಭಾವ ಗೊತ್ತಾದರೆ ಇಲ್ಲಿನ ಬೇಸಿಗೆಯ ಅರ್ಧ ಕಷ್ಟ ಕಡಿಮೆಯಾದಂತೆ.

ಕಲ್ಲಿನ ಕುಲಗೋತ್ರ

ಮಕ್ಕಳೇ, ನೀವು ಕೂತು ಚೌಕಾಬಾರ ಆಡುವ ಆ ನೆಲ ಒಂದು ಕಾಲಕ್ಕೆ ಸಮುದ್ರದ ತಳವಾಗಿತ್ತು. ಕೋಟ್ಯಂತರ ವರ್ಷಗಳ ಹಿಂದೆ, ಡೈನೋಸಾರ್‌ಗಳು ಹುಟ್ಟುವುದಕ್ಕೂ ಎಷ್ಟೋ ಮೊದಲು, ಇಲ್ಲಿದ್ದ ಆಳವಿಲ್ಲದ ಸಮುದ್ರದಲ್ಲಿ ಸುಣ್ಣದ ಕೆಸರು ಪದರ ಪದರವಾಗಿ ಕೂತು ಗಟ್ಟಿಯಾಯಿತು. ಅದಕ್ಕೇ ಈ ಕಲ್ಲು ರೊಟ್ಟಿಯ ಅಟ್ಟಿಯಂತೆ ಹಾಳೆ ಹಾಳೆಯಾಗಿ ಏಳುತ್ತದೆ. ಭೂವಿಜ್ಞಾನಿಗಳು ಈ ಪ್ರದೇಶವನ್ನು ಭೀಮಾ ಜಲಾನಯನದ ಶಿಲೆಗಳಲ್ಲಿ ಸೇರಿಸಿದ್ದಾರೆ. ಒಂದು ಪದರಕ್ಕಂತೂ ಶಹಾಬಾದಿನ ಹೆಸರೇ ಇದೆ.

ಚಿತ್ತಾಪುರ ತಾಲ್ಲೂಕಿನ ಕನಗನಹಳ್ಳಿಯಲ್ಲಿ ಭೀಮಾ ನದಿಯ ದಂಡೆಗೆ ಸುಮಾರು 2,000 ವರ್ಷ ಹಳೆಯ ಬೌದ್ಧ ಸ್ತೂಪ ಸಿಕ್ಕಿದೆ. ಅಲ್ಲಿ ಅಶೋಕ ಚಕ್ರವರ್ತಿಯ ಚಿತ್ರವನ್ನು ಹೆಸರಿನ ಸಮೇತ ಕೆತ್ತಿದ್ದು ಸುಣ್ಣಕಲ್ಲಿನ ಚಪ್ಪಡಿಯ ಮೇಲೆಯೇ. ರಾಷ್ಟ್ರಕೂಟರ ರಾಜಧಾನಿ ಮಳಖೇಡ ಇರುವುದೂ ಸೇಡಂ ತಾಲ್ಲೂಕಿನ ಇದೇ ಕಲ್ಲಿನ ನಾಡಿನಲ್ಲಿ, ಕಾಗಿಣಾ ನದಿಯ ದಡದಲ್ಲಿ. ವಾಡಿ, ಸೇಡಂ ಸುತ್ತ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಈ ಕಲ್ಲಿಗಾಗಿಯೇ. ಸುಣ್ಣಕಲ್ಲನ್ನು ಜೇಡಿಯಂಥ ಮಣ್ಣಿನೊಂದಿಗೆ ಸುಮಾರು 1,450 ಡಿಗ್ರಿಯಲ್ಲಿ ಬೇಯಿಸಿ, ಅರೆದರೆ ಸಿಮೆಂಟ್.

ನೆರಳಲ್ಲಿ ತಂಪು, ಬಿಸಿಲಲ್ಲಿ ಕಾವಲಿ

ಮಧ್ಯಾಹ್ನ ಒಳಮನೆಯ ಕಲ್ಲಿನ ಮೇಲೆ ಒಂದು ಕಾಲು, ಪಕ್ಕದ ಕೌದಿಯ ಮೇಲೆ ಇನ್ನೊಂದು ಕಾಲು ಇಟ್ಟು ನೋಡಿ. ಕಲ್ಲು ತಣ್ಣಗೆ, ಕೌದಿ ಬೆಚ್ಚಗೆ. ಆದರೆ ಎರಡರ ಮೇಲೂ ಥರ್ಮಾಮೀಟರ್ ಇಟ್ಟರೆ ಅಂಥ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಕಲ್ಲು ನಿಮ್ಮ ಅಂಗಾಲಿನ ಶಾಖವನ್ನು ಬೇಗ ಬೇಗ ಎಳೆದುಕೊಂಡು ಕೆಳಗೆ ಸಾಗಿಸುತ್ತದೆ, ಕೌದಿ ಸಾಗಿಸುವುದಿಲ್ಲ. ಆ ತಂಪಿನ ಗುಟ್ಟು ಇಷ್ಟೇ.

ಅಂಗಳದ ಕಲ್ಲಿನ ಕಥೆ ಬೇರೆ. ಹಗಲೆಲ್ಲ ಬಿಸಿಲು ಕುಡಿದು ರಾತ್ರಿ 10 ಗಂಟೆಯ ತನಕ ಅದನ್ನು ಮನೆಯ ಮೇಲೆ ಉಗುಳುತ್ತದೆ. ಆದ್ದರಿಂದ ನನ್ನ ಮೊದಲ ಸಲಹೆ: ಅಂಗಳದ ಕಲ್ಲಿಗೆ ನೆರಳು ಮಾಡಿ. ನಮ್ಮದು ತೊಗರಿಯ ಕಣಜ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ರಾಶಿ ಮುಗಿದ ಮೇಲೆ ಉಳಿಯುವ ತೊಗರಿ ಕಟ್ಟಿಗೆಯನ್ನು ಹೆಣೆದು ಪಡುವಣ ದಿಕ್ಕಿಗೆ ಚಪ್ಪರ ಹಾಕಿದರೆ ಇಳಿಬಿಸಿಲು ಗೋಡೆಗೆ ತಾಗುವುದಿಲ್ಲ. ಒಲೆಯಿಂದ ಮಾತ್ರ ಅದು ದೂರವಿರಲಿ.

ಬೆಳಿಗ್ಗೆ 9ರ ಒಳಗೆ ಕಿಟಕಿ ಮುಚ್ಚಿ ಪರದೆ ಎಳೆಯಿರಿ. ಹೊರಗಿನ ಗಾಳಿ ಒಳಗಿನದಕ್ಕಿಂತ ತಂಪಾದ ಮೇಲೆ, ಸಂಜೆ 7ರ ನಂತರ, ಎಲ್ಲ ತೆರೆಯಿರಿ. ಕೂಲರ್ ಹಚ್ಚುವ ಮನೆಯವರು ಮಾತ್ರ ಎದುರಿನ ಒಂದು ಕಿಟಕಿ ಸ್ವಲ್ಪ ತೆರೆದಿಡಬೇಕು, ತೇವದ ಗಾಳಿ ಹೊರಹೋಗದಿದ್ದರೆ ಕೋಣೆ ಬೇಯುತ್ತದೆ. ಮಾಳಿಗೆಗೆ ಬೇಸಿಗೆ ಬಲಿಯುವ ಮೊದಲೇ ಸುಣ್ಣ ಬಳಿಯಿರಿ, ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕಟ್ಟುತ್ತದೆ. ಆ ಸುಣ್ಣವೂ ಇದೇ ಕಲ್ಲಿನ ಮಗು. ಕಲ್ಲು ಸುಟ್ಟರೆ ಸುಟ್ಟಸುಣ್ಣ, ನೀರು ಹಾಕಿದರೆ ಅರಳಿದ ಸುಣ್ಣ, ಗೋಡೆಗೆ ಬಳಿದರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲು! ಸುಣ್ಣ ಅರಳಿಸುವಾಗ ಮಾತ್ರ ಮಕ್ಕಳು ಹತ್ತಿರ ಬರಬಾರದು. ಅದು ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಗೇ ಕುತ್ತು.

ಸಂಜೆ ಅಂಗಳಕ್ಕೆ ನೀರು ಚಿಮುಕಿಸುವುದು ಅಜ್ಜಿಯರ ಕಾಲದ ಪದ್ಧತಿ, ಅದರ ಹಿಂದೆ ಲೆಕ್ಕವಿದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ಅಷ್ಟು ಶಾಖದಲ್ಲಿ ಏಳು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು. ಅಷ್ಟನ್ನೂ ಒಂದೇ ಒಂದು ಚೊಂಬಿನಷ್ಟು ನೀರು ಕಲ್ಲಿನಿಂದಲೂ ಗಾಳಿಯಿಂದಲೂ ಕಿತ್ತುಕೊಂಡು ಹೋಗುತ್ತದೆ! ಅಂದರೆ ಕೊಡಗಟ್ಟಲೆ ಸುರಿಯಬೇಕಿಲ್ಲ, ಚಿಮುಕಿಸಿದರೆ ಸಾಕು. ಬಟ್ಟೆ ಒಗೆದು ಉಳಿದ ಕೊನೆಯ ನೀರೂ ಆದೀತು. ಮಣ್ಣಿನ ರಂಜಣಿಗೆಯ ನೀರು ತಂಪಾಗುವುದೂ ಹೀಗೆಯೇ. ನಮ್ಮ ನೀರು ಗಡಸು, ಅದರ ಲವಣ ಕೂತು ಗಡಿಗೆಯ ಸೂಕ್ಷ್ಮ ರಂಧ್ರಗಳು ಮುಚ್ಚುತ್ತವೆ. ತೆಂಗಿನ ನಾರಿನಿಂದ ಹೊರಮೈ ಉಜ್ಜಿ, ಬೇಸಿಗೆಗೊಂದು ಹೊಸ ಗಡಿಗೆ ತನ್ನಿ.

ನಿಂಬೆಹುಳಿ ಕಂಡರೆ ನೊರೆಯುವ ಕಲ್ಲು

ಪರ್ಸಿಯ ಒಂದು ಚೂರನ್ನು ತಟ್ಟೆಯಲ್ಲಿಟ್ಟು ನಿಂಬೆರಸದ ನಾಲ್ಕು ಹನಿ ಬಿಡಿ. ಕಣ್ಣಿಟ್ಟು ನೋಡಿದರೆ ಸಣ್ಣ ಗುಳ್ಳೆಗಳು ಏಳುತ್ತವೆ. ಹುಳಿ ಕಲ್ಲನ್ನು ತಿನ್ನುತ್ತಿದೆ ಎಂದು ಅರ್ಥ. ಹೀಗಾಗಿ ನೆಲಕ್ಕೆ ಬಿದ್ದ ಹುಣಸೆ ಹುಳಿ, ನಿಂಬೆ ಪಾನಕ, ಮೊಸರನ್ನು ಕೂಡಲೇ ಒರೆಸಿ. ಬಚ್ಚಲಿನ ಬಿಳಿ ಕಲೆ ತೆಗೆಯಲು ಆಸಿಡ್ ಸುರಿಯಬೇಡಿ. ಕಲೆಯ ಜೊತೆಗೆ ಕಲ್ಲಿನ ಮೇಲ್ಮೈಯೂ ಹೋಗುತ್ತದೆ, ಮುಂದೆ ಕೊಳೆ ಅಲ್ಲಿಯೇ ಕೂರುತ್ತದೆ. ಬಟ್ಟೆ ಸೋಪಿನ ತಿಳಿನೀರು, ನಾರಿನ ಕುಂಚ ಸಾಕು.

ಹಿರಿಯರ ಪಾಲಿಗೆ ಇದಕ್ಕಿಂತ ಮುಖ್ಯ ಮಾತೊಂದಿದೆ. ನಯಗೊಳಿಸಿದ ಪರ್ಸಿ ಒದ್ದೆಯಾದರೆ ಜಾರುತ್ತದೆ. ಈ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದರೆ ತಿಂಗಳುಗಟ್ಟಲೆ ಹಾಸಿಗೆ. ಬಚ್ಚಲಿಗೆ, ಮೆಟ್ಟಿಲಿಗೆ ನಯಮಾಡದ ಒರಟು ಕಲ್ಲನ್ನೇ ಹಾಕಿಸಿ, ಗೋಡೆಗೊಂದು ಹಿಡಿಕೆ ಕೂರಿಸಿ. ಮೊಮ್ಮಕ್ಕಳ ಕೆಲಸ: ನೆಲ ಒರೆಸಿದ ಕೂಡಲೇ ‘ಅಜ್ಜಾ, ನೆಲ ಹಸಿ ಅದ!’ ಎಂದು ಕೂಗುವುದು.

ಸುಣ್ಣದ ಮಣ್ಣಿನಲ್ಲಿ ತೋಟ

‘ಕರಿಬೇವಿನ ಎಲೆ ಹಳದಿಯಾಗ್ಯಾದ, ಏನ್ ಹಾಕಲಿ?’ ಇಲ್ಲಿ ನನಗೆ ಬರುವ ಪ್ರಶ್ನೆಗಳಲ್ಲಿ ಇದೇ ಹೆಚ್ಚು. ಎಳೆ ಎಲೆ ಹಳದಿ, ನರ ಮಾತ್ರ ಹಸಿರು ಎಂದರೆ ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಆದರೆ ಸುಣ್ಣ ಹೆಚ್ಚಿರುವ ಕಡೆ ಅದು ಬೇರಿಗೆ ಕರಗಿ ಬರುವುದಿಲ್ಲ. ನಿಮ್ಮ ಮಣ್ಣಿನಲ್ಲಿ ಸುಣ್ಣವಿದೆಯೇ ಎಂದು ತಿಳಿಯಲು ಒಣಗಿದ ಹಿಡಿ ಮಣ್ಣಿಗೆ ನಿಂಬೆರಸ ಹಿಂಡಿ, ನೊರೆ ಎದ್ದರೆ ಇದೆ. ಅಂಥ ಮಣ್ಣಿಗೆ ಬೂದಿ ಹಾಕಬೇಡಿ, ಸುಣ್ಣ ಬಳಿದ ನೀರು ಹರಿಸಬೇಡಿ. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಧಾರಾಳವಾಗಿ ಕೊಡಿ. ಬೇಗ ಗುಣ ಕಾಣಬೇಕೆಂದರೆ ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ದೊಡ್ಡವರು ಸಂಜೆ ಎಲೆಗೆ ಸಿಂಪಡಿಸಲಿ. ಕಲ್ಲಿನ ನೆಲಕ್ಕೆ ಬಿದ್ದರೆ ತುಕ್ಕಿನ ಕಲೆ ಉಳಿಯುತ್ತದೆ, ಎಚ್ಚರ.

ಈ ನೆಲ ಒಪ್ಪುವ ಗಿಡಗಳೂ ಬೇಕಾದಷ್ಟಿವೆ: ಬೇವು, ನುಗ್ಗೆ, ಸೀತಾಫಲ, ಬಾರಿ, ಹುಣಸೆ. ಚಿಂಚೋಳಿಯ ಕಡೆ ಹೋದರೆ ಮಣ್ಣಿನ ಬಣ್ಣವೇ ಬದಲಾಗುತ್ತದೆ. ಅಲ್ಲಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ನಿಂಬೆರಸ ಹಾಕಿದರೆ ನೊರೆ ಏಳುವುದಿಲ್ಲ. ಚಿಂಚೋಳಿಯ ವನ್ಯಜೀವಿ ಧಾಮ ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿ ಧಾಮವೆಂದು ಹೆಸರಾಗಿದೆ. ಬೇಸಿಗೆಯಲ್ಲಿ ಅಲ್ಲಿ ಮರಗಳು ಎಲೆ ಉದುರಿಸಿ ನಿಲ್ಲುತ್ತವೆ, ನೀರು ಉಳಿಸಿಕೊಳ್ಳುವ ಅವುಗಳ ಜಾಣತನ ಅದು. ಉದುರಿದ ಎಲೆ ನೆಲಕ್ಕೆ ಹೊದಿಕೆಯೂ ಆಗುತ್ತದೆ. ನಾವೂ ಅದನ್ನೇ ಮಾಡೋಣ. ಗಿಡದ ಬುಡಕ್ಕೆ ನಾಲ್ಕು ಬೆರಳು ದಪ್ಪ ತೊಗರಿ ಹೊಟ್ಟು ಅಥವಾ ಒಣ ಎಲೆ ಹಾಸಿದರೆ ಕರಿಮಣ್ಣು ಬಿರಿಯುವುದು ತಗ್ಗುತ್ತದೆ, ನೀರು ಉಳಿಯುತ್ತದೆ.

ಊರಿಗೆ ಹೋಗುವವರಿಗೆ ಇನ್ನೊಂದು ಉಪಾಯ: ಹೊಳಪು ಹಚ್ಚದ ಮಣ್ಣಿನ ಗಡಿಗೆಯನ್ನು ಗಿಡದಿಂದ ಗೇಣು ದೂರದಲ್ಲಿ ಕುತ್ತಿಗೆಯ ತನಕ ಹೂಳಿ, ನೀರು ತುಂಬಿ, ಮುಚ್ಚಳ ಹಾಕಿ. ಸುತ್ತಲ ಮಣ್ಣು ಒಣಗಿದಂತೆ ನೀರು ತಾನೇ ಜಿನುಗುತ್ತದೆ. ಮುಚ್ಚಳ ಬಿಟ್ಟರೆ ಸೊಳ್ಳೆಗೆ ತೊಟ್ಟಿಲು ಕಟ್ಟಿದಂತೆ. ಕಾರ್ಖಾನೆ, ಕಲ್ಲು ಕೊಯ್ಯುವ ಅಡ್ಡೆಗಳ ಹತ್ತಿರವಿರುವವರು ವಾರಕ್ಕೆರಡು ಸಂಜೆ ಎಲೆಗಳ ಮೇಲಿನ ಧೂಳು ತೊಳೆಯಿರಿ. ಧೂಳು ಕೂತರೆ ಎಲೆಗೆ ಬೆಳಕು ಸಾಲದು, ಉಸಿರಾಡುವ ರಂಧ್ರಗಳೂ ಮುಚ್ಚುತ್ತವೆ.

ಕಲ್ಲಿನ ಸಂದಿ, ಖಣಿಯ ನೀರು

ಈಗ ಹೇಳುವುದನ್ನು ಮಕ್ಕಳು ಎರಡು ಸಲ ಓದಬೇಕು.

ಒಟ್ಟಿದ ಪರ್ಸಿಯ ಸಂದಿಯಲ್ಲಿ ಚೇಳು, ಹಾವು ತಂಪು ಹುಡುಕಿ ಕೂರುತ್ತವೆ. ಉಳಿದ ಕಲ್ಲನ್ನು ಮನೆಯ ಗೋಡೆಗೆ ಒಟ್ಟಬೇಡಿ, ದೂರದಲ್ಲಿ ನಿಲ್ಲಿಸಿಡಿ. ಚೆಂಡು ಸಂದಿಗೆ ಹೋದರೆ ಕೈ ಹಾಕಬೇಡಿ, ಕೋಲಿನಿಂದ ತೆಗೆಯಿರಿ. ಚಪ್ಪಲಿ, ಬೂಟು, ಹಾಸಿಗೆ ಝಾಡಿಸಿಯೇ ಬಳಸಿ. ಕೆಂಪು ಚೇಳು ಕಡಿದರೆ ಮಕ್ಕಳಿಗೆ ಪ್ರಾಣಾಪಾಯ. ಮೈಯೆಲ್ಲ ಬೆವರು, ವಾಂತಿ, ತಣ್ಣಗಾದ ಕೈಕಾಲು, ಏದುಸಿರು ಅದರ ಲಕ್ಷಣ. ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುವುದರಲ್ಲಿ ಹೊತ್ತು ಕಳೆಯಬೇಡಿ. ಲಕ್ಷಣಕ್ಕೆ ಕಾಯದೆ ನೇರ ಆಸ್ಪತ್ರೆಗೆ ನಡೆಯಿರಿ. ಮಹಾರಾಷ್ಟ್ರದ ಮಹಾಡ್ ಊರಿನ ವೈದ್ಯ ಹಿಮ್ಮತ್‌ರಾವ್ ಬಾವಸ್ಕರ್ ಅವರು ರಕ್ತದೊತ್ತಡಕ್ಕೆ ಬಳಸುತ್ತಿದ್ದ ಪ್ರಜೋಸಿನ್ ಎಂಬ ಔಷಧಿ ಚೇಳಿನ ವಿಷಕ್ಕೂ ಕೆಲಸ ಮಾಡುತ್ತದೆಂದು ತೋರಿಸಿ ಎಷ್ಟೋ ಮಕ್ಕಳನ್ನು ಉಳಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ಔಷಧಿ ಕೊಡುವವರು ವೈದ್ಯರು, ಅವರ ಹತ್ತಿರ ಬೇಗ ಕರೆದೊಯ್ಯುವುದಷ್ಟೇ ನಮ್ಮ ಕೆಲಸ.

ಇನ್ನು ಖಣಿ. ಕಲ್ಲು ತೆಗೆದು ಬಿಟ್ಟ ಗುಂಡಿಗಳಲ್ಲಿ ನೀಲಿ ನೀರು ನಿಂತಿರುತ್ತದೆ. ಸೆಕೆಗೆ ಆ ನೀರು ಕರೆದಂತೆ ಅನಿಸುತ್ತದೆ. ಕೆರೆಗೆ ಇಳಿಜಾರು ದಡವಿರುತ್ತದೆ, ಖಣಿಗೆ ಗೋಡೆಯಂಥ ದಡ. ಒಂದು ಹೆಜ್ಜೆ ಮೊಣಕಾಲಷ್ಟು, ಮುಂದಿನ ಹೆಜ್ಜೆ ಎರಡಾಳು. ಹಿಡಿಯಲು ಬೇರಿಲ್ಲ, ಹತ್ತಲು ಮೆಟ್ಟಿಲಿಲ್ಲ, ಅಂಚಿನ ಕಲ್ಲುಹಾಳೆ ಕಾಲಡಿಗೇ ಮುರಿಯಬಹುದು. ಈಜು ಬಲ್ಲವರೂ ಅಲ್ಲಿ ಸೋಲುತ್ತಾರೆ. ಅಜ್ಜಂದಿರೇ, ರಜೆಗೆ ಬಂದ ಮಗುವಿಗೆ ಊರು ತೋರಿಸುವ ಮೊದಲ ದಿನವೇ ಖಣಿಯನ್ನೂ ದೂರದಿಂದ ತೋರಿಸಿ, ಕಾರಣ ಹೇಳಿ. ‘ಹೋಗಬ್ಯಾಡ’ ಎಂಬ ಒಂದೇ ಮಾತಿಗಿಂತ ಕಾರಣ ಹೆಚ್ಚು ಕಾಲ ನೆನಪಿರುತ್ತದೆ. ಯಾರಾದರೂ ಬಿದ್ದರೆ ಜಿಗಿಯಬೇಡಿ. ಕೂಗಿ ಜನ ಸೇರಿಸಿ, ಹಗ್ಗ, ಸೀರೆ, ಧೋತರ, ಖಾಲಿ ಮುಚ್ಚಿದ ಕ್ಯಾನ್ ಎಸೆಯಿರಿ, 112ಕ್ಕೆ ಕರೆ ಮಾಡಿ.

ಬಿಸಿಲು ತಾಗಿದರೆ

ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂದವಾಗುತ್ತದೆ. ಆಟದ ಗುಂಗಿನ ಮಕ್ಕಳಿಗೆ ಬಾಯಾರಿಕೆ ಮರೆತೇ ಹೋಗುತ್ತದೆ. ಹಾಗಾಗಿ ಗಂಟೆಗೊಮ್ಮೆ ಮೊಮ್ಮಗ ಅಜ್ಜನಿಗೆ ಒಂದು ಲೋಟ, ಅಜ್ಜ ಮೊಮ್ಮಗನಿಗೆ ಒಂದು ಲೋಟ ಕೊಡುವ ನಿಯಮ ಮಾಡಿಕೊಳ್ಳಿ. ಮಜ್ಜಿಗೆ, ಅಂಬಲಿ, ನೀರು ಯಾವುದಾದರೂ ಸರಿ. ಹೃದಯ, ಮೂತ್ರಪಿಂಡದ ತೊಂದರೆಯಿರುವವರು ನೀರು, ಉಪ್ಪಿನ ಅಳತೆಯನ್ನು ವೈದ್ಯರಿಂದ ಕೇಳಿಕೊಳ್ಳಿ. ವಾಂತಿ-ಭೇದಿಯಾದರೆ ಒಂದು ಲೀಟರ್ ಶುದ್ಧ ನೀರಿಗೆ 6 ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿ ಗುಟುಕು ಗುಟುಕಾಗಿ ಕುಡಿಸಿ. ಚಹಾ ಚಮಚವನ್ನೇ ಬಳಸಿ, ಉಪ್ಪು ಹೆಚ್ಚಾಗಬಾರದು.

ಮೈ ಸುಡುತ್ತಿದ್ದು ಮಾತು ತಡವರಿಸಿದರೆ, ಮಂಕು ಕವಿದರೆ ಅದು ಬಿಸಿಲಾಘಾತ. 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವ ತನಕ ನೆರಳಿಗೆ ತಂದು, ಮೈಗೆ ನೀರು ಹಾಕಿ, ಜೋರಾಗಿ ಗಾಳಿ ಬೀಸಿ. ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ.

ಮಿರಗದ ಮಳೆ ಬರುವ ತನಕ ಇಷ್ಟು ನಿಭಾಯಿಸಿದರೆ ಸಾಕು. ಈ ಭಾನುವಾರವೇ ಶುರುಮಾಡಿ: ಬೆಳಿಗ್ಗೆ ಅಜ್ಜ-ಮೊಮ್ಮಗಳು ಸೇರಿ ಮಣ್ಣಿಗೆ ನಿಂಬೆರಸ ಹಿಂಡಿ ನೋಡಿ, ಒಂದು ಗಡಿಗೆ ಹೂಳಿ, ಬಚ್ಚಲಿಗೆ ಹಿಡಿಕೆ ಎಲ್ಲಿ ಬೇಕೆಂದು ಸೀಮೆಸುಣ್ಣದಿಂದ ಗುರುತು ಮಾಡಿ. ಮಾಳಿಗೆಯ ಮೇಲೆ ಮಲಗುವವರು ಸಂಜೆ ಎರಡು ಸಲ ನೀರು ಚಿಮುಕಿಸಿ, ಒಣಗಿದ ಮೇಲೆ ಹಾಸಿಗೆ ಹಾಸಿ. ಮಕ್ಕಳು ನಡುವೆ, ದೊಡ್ಡವರು ಅಂಚಿಗೆ. ಮೇಲೆ ನಕ್ಷತ್ರ ಎಣಿಸುತ್ತ, ಕೆಳಗಿನ ಕಲ್ಲು ಒಂದು ಕಾಲಕ್ಕೆ ಸಮುದ್ರವಾಗಿದ್ದ ಕಥೆಯನ್ನು ಈ ಸಲ ಮೊಮ್ಮಕ್ಕಳೇ ಅಜ್ಜಿಗೆ ಹೇಳಲಿ.