ಹರಾಜಿನ ದಿನ ನಾನು ಬೈದ ಹೆಸರುಗಳು

2024ರ ನವೆಂಬರ್ 24, ಭಾನುವಾರ. ಐಪಿಎಲ್ ಮೆಗಾ ಹರಾಜು ನಡೆಯುತ್ತಿದ್ದದ್ದು ದೂರದ ಜೆಡ್ಡಾದಲ್ಲಿ. ನಾನು ಕೂತಿದ್ದದ್ದು ಪುಣೆಯ ಶಿವಾಜಿನಗರದ ನಮ್ಮ ಬಾಡಿಗೆ ಮನೆಯಲ್ಲಿ, ಊಟ ಮುಗಿಸಿ, ಟೀವಿಯ ಮುಂದೆ. (ಶಿವಾಜಿನಗರ ಅಂದ ಕೂಡಲೇ ಊರಿನವರು "ರಸೆಲ್ ಮಾರ್ಕೆಟ್ ಹತ್ತಿರಾನಾ?" ಅಂತ ಕೇಳುತ್ತಾರೆ. ಅಲ್ಲ ಮಾರಾಯ್ರೆ, ಇದು ಬೇರೆ. ಇಲ್ಲಿ ಹತ್ತಿರ ಇರುವುದು ಫರ್ಗ್ಯುಸನ್ ಕಾಲೇಜು ರಸ್ತೆ, ಶೆಟ್ಟರು ಕಟ್ಟಿದ ವೈಶಾಲಿ ಹೋಟೆಲು.)

ಕೆ.ಎಲ್. ರಾಹುಲ್ ಹೆಸರು ಬಂತು. ಆರ್‌ಸಿಬಿ ಟೇಬಲ್ಲಿನಿಂದ ಕೈ ಎದ್ದಿತು. ನಾನು ಎದ್ದು ನಿಂತೆ. ರೇಟು ಏರಿತು, 10 ಕೋಟಿ ದಾಟಿತು, ನಮ್ಮವರ ಕೈ ಇಳಿಯಿತು. ಕೊನೆಗೆ 14 ಕೋಟಿಗೆ ಡೆಲ್ಲಿ ಪಾಲು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹುಬ್ಬಳ್ಳಿಯ ಗೆಳೆಯ ಬರೆದ: "ಏನ್ ಮಾಡಾಕತ್ತಾರಲೇ ಇವ್ರು, ರೊಕ್ಕ ಮನೀಗೆ ಒಯ್ತಾರೇನು?" 83 ಕೋಟಿ ಇಟ್ಟುಕೊಂಡು ಹೋಗಿದ್ದ ತಂಡ ಅದು. ಅಷ್ಟೊತ್ತಿಗೆ ಪಕ್ಕದಲ್ಲಿ ಕೂತಿದ್ದ ನನ್ನ ಒಂಬತ್ತು ವರ್ಷದ ಮಗ ಕೇಳಿದ: "ಅಪ್ಪಾ, ನಿಮ್ಮ ಟೀಮಿಗೆ ಕನ್ನಡದವ್ರು ಬೇಡ್ವಾ?"

ಪ್ರಶ್ನೆಗಿಂತ "ನಿಮ್ಮ ಟೀಮು" ಅಂದದ್ದೇ ಹೆಚ್ಚು ಚುಚ್ಚಿತು. ಅವನು ಹುಟ್ಟಿದ್ದು ಇಲ್ಲೇ. ಕ್ಲಾಸಿನ ಹುಡುಗರೆಲ್ಲ ಮುಂಬೈ ಇಂಡಿಯನ್ಸ್, ಅವನೂ ಅದೇ. ಆರ್‌ಸಿಬಿ ನಮ್ಮದು ಅಂತ ಅವನಿಗೆ ತಿಳಿಸಿ ಹೇಳಲು ನನ್ನ ಹತ್ತಿರ ಇದ್ದ ಒಂದೇ ದಾರಿ, ಅದರಲ್ಲಿ ನಮ್ಮೂರ ಕಡೆಯ ಒಬ್ಬನನ್ನು ತೋರಿಸುವುದು. ಆ ದಿನ ಅದೂ ಹೋಯಿತು.

ಮರುದಿನ ಸಂಜೆ ಆಫೀಸಿನ ಕಾಲ್‌ನಲ್ಲಿ ಅಮೆರಿಕದ ನಮ್ಮ ಕ್ಲೈಂಟ್ ಮ್ಯಾನೇಜರ್ ಹತ್ತಿರ ಇದನ್ನೇ ಹೇಳಿಕೊಂಡೆ. ಅವನು ಕ್ಲೀವ್‌ಲ್ಯಾಂಡಿನವನು, ಅಲ್ಲಿನ ಬ್ರೌನ್ಸ್ ಫುಟ್‌ಬಾಲ್ ತಂಡದ ಅಭಿಮಾನಿ. ಆರ್‌ಸಿಬಿ ಅಭಿಮಾನಿಯ ಸಂಕಟ ಜಗತ್ತಿನಲ್ಲಿ ಇನ್ಯಾರಿಗಾದರೂ ಅರ್ಥವಾಗುವುದಾದರೆ ಅದು ಬ್ರೌನ್ಸ್ ಅಭಿಮಾನಿಗೆ. 2017ರಲ್ಲಿ ಅವರು 16 ಪಂದ್ಯ ಆಡಿ ಹದಿನಾರೂ ಸೋತವರು. ಅಮೆರಿಕದಲ್ಲಿ ಹರಾಜಿಲ್ಲ, ಡ್ರಾಫ್ಟ್ ಇದೆ. ಪ್ರತಿ ಏಪ್ರಿಲ್‌ನಲ್ಲಿ ಮೂರು ದಿನ, ಏಳು ಸುತ್ತು. ಕಾಲೇಜಿನಿಂದ ಬಂದ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಕಡೆಗೆ ಬಂದ ತಂಡಕ್ಕೆ ಮೊದಲ ಆಯ್ಕೆ, ಚಾಂಪಿಯನ್ ಆದವರಿಗೆ ಸುತ್ತಿನ ಕೊನೆಯದು. ಯಾವ ಊರು ಬೇಕು ಅಂತ ಆಟಗಾರನನ್ನು ಯಾರೂ ಕೇಳುವುದಿಲ್ಲ.

ಇದನ್ನು ಕೇಳಿದಾಗ ನನಗೆ ನೆನಪಾದದ್ದು ಕ್ಯಾಂಪಸ್ ಇಂಟರ್‌ವ್ಯೂ. ನಾನು ದಾವಣಗೆರೆಯವನು. 2009ರಲ್ಲಿ ಎಂಸಿಎ ಮುಗಿಸಿದೆ. ಆಫರ್ ಲೆಟರ್ ಕೈಯಲ್ಲಿತ್ತು, ಆದರೆ ರಿಸೆಷನ್ ಅಂತ ಹೇಳಿ ಕಂಪನಿ ಒಂದು ವರ್ಷ ಕರೆಯಲೇ ಇಲ್ಲ. ಊರಲ್ಲಿ ಎಲ್ಲರೂ "ಯಾವಾಗಪ್ಪ ಜಾಯಿನಿಂಗು?" ಅಂತ ಕೇಳುವಾಗ, ಹರಾಜಿನಲ್ಲಿ ಹೆಸರು ಕೂಗಿ ಯಾರೂ ಕೈ ಎತ್ತದೆ ಉಳಿದವನ ಮುಖ ಹೇಗಿರುತ್ತದೆ ಅನ್ನುವುದು ಗೊತ್ತಾಯಿತು. ಫಾರ್ಮಿನಲ್ಲಿ ಮೂರು ಊರು ಬರೆಯಿರಿ ಅಂದಿದ್ದರು. ಬೆಂಗಳೂರು, ಮೈಸೂರು, ಚೆನ್ನೈ ಬರೆದಿದ್ದೆ. ಬಂದದ್ದು ಪುಣೆ.

ಪುಣೆಗೂ ಡ್ರಾಫ್ಟಿಗೂ ನಂಟಿದೆ ಅನ್ನುವುದು ಇಲ್ಲಿರುವ ಎಷ್ಟೋ ಜನರಿಗೇ ಮರೆತುಹೋಗಿದೆ. ಚೆನ್ನೈ, ರಾಜಸ್ಥಾನ ತಂಡಗಳು ಎರಡು ವರ್ಷ ಅಮಾನತಾದಾಗ ಅವುಗಳ ಜಾಗಕ್ಕೆ ಪುಣೆ ಮತ್ತು ರಾಜ್‌ಕೋಟ್ ಬಂದವು. 2015ರ ಡಿಸೆಂಬರ್ 15ರಂದು ಮುಂಬೈಯಲ್ಲಿ ಅಪ್ಪಟ ಅಮೆರಿಕನ್ ಶೈಲಿಯಲ್ಲಿ ಸರದಿ ಪ್ರಕಾರ ಆಯ್ಕೆ ನಡೆಯಿತು. ಪುಣೆ ಮೊದಲು ಕೂಗಿದ್ದು ಧೋನಿಯನ್ನು. ರಾಜ್‌ಕೋಟ್ ರೈನಾ ಅಂದಿತು. ಆಮೇಲೆ ಪುಣೆಗೆ ರಹಾನೆ, ಅಶ್ವಿನ್, ಸ್ಟೀವ್ ಸ್ಮಿತ್, ಡು ಪ್ಲೆಸಿ. ರಾಜ್‌ಕೋಟ್‌ಗೆ ಜಡೇಜ, ಮೆಕಲಮ್, ಫಾಕ್ನರ್, ಬ್ರಾವೊ. ಆ ದಿನ ನಮ್ಮ ಕ್ಯಾಂಟೀನಿನಲ್ಲಿ ಎಲ್ಲರೂ ಪುಣೆಯದ್ದೇ ಮೇಲುಗೈ ಅಂದರು, ನಾನೂ ಅಂದೆ. 2016ರ ಲೀಗ್ ಮುಗಿದಾಗ ರಾಜ್‌ಕೋಟ್‌ನವರ ಗುಜರಾತ್ ಲಯನ್ಸ್ ಪಟ್ಟಿಯ ತುದಿಯಲ್ಲಿತ್ತು, ಪುಣೆ ಏಳನೆಯದು.

ಆ ವರ್ಷ ಏಪ್ರಿಲ್ 22ಕ್ಕೆ ಗಹುಂಜೆ ಸ್ಟೇಡಿಯಮ್ಮಿಗೆ ಹೋಗಿದ್ದೆ, ಪುಣೆ ವಿರುದ್ಧ ಆರ್‌ಸಿಬಿ. ಡಿವಿಲಿಯರ್ಸ್ 83, ಕೊಹ್ಲಿ 80, ನಾವು 13 ರನ್ನಿನಿಂದ ಗೆದ್ದೆವು. ಕೆಂಪು ಜರ್ಸಿ ಹಾಕಿಕೊಂಡು ಎಕ್ಸ್‌ಪ್ರೆಸ್ ವೇ ಪಕ್ಕದ ದೂಳಿನಲ್ಲಿ ಬಸ್ಸಿಗೆ ಕಾಯುವಾಗ ಸುತ್ತ ಎಷ್ಟು ಕನ್ನಡ ಕೇಳಿತು ಅಂದರೆ, ಮೆಜೆಸ್ಟಿಕ್ಕಿನಲ್ಲೇ ನಿಂತಿದ್ದೇನೋ ಅನ್ನಿಸಿತು. ಬರದ ಕಾರಣಕ್ಕೆ ಪಂದ್ಯಗಳನ್ನು ಮಹಾರಾಷ್ಟ್ರದಿಂದ ಆಚೆ ಒಯ್ಯುವಂತೆ ಹೈಕೋರ್ಟ್ ಅಷ್ಟರಲ್ಲಾಗಲೇ ಹೇಳಿತ್ತು, ಸ್ವಲ್ಪ ದಿನಕ್ಕೇ ಪುಣೆ ತಂಡ ವಿಶಾಖಪಟ್ಟಣಕ್ಕೆ ಹೋಯಿತು. 2017ರಲ್ಲಿ ಫೈನಲ್ ಆಡಿ ಒಂದೇ ರನ್ನಿನಿಂದ ಸೋತು ತಂಡ ಮುಚ್ಚಿತು. ಆ ವರ್ಷ ಪುಣೆಯ ಜನ ನಿಜವಾಗಿ ಪ್ರೀತಿಸಿದ್ದು 14.5 ಕೋಟಿಯ ಬೆನ್ ಸ್ಟೋಕ್ಸ್‌ಗಿಂತ 10 ಲಕ್ಷಕ್ಕೆ ಬಂದ ರಾಹುಲ್ ತ್ರಿಪಾಠಿಯನ್ನು. ಮಹಾರಾಷ್ಟ್ರಕ್ಕೆ ಆಡುವ, ಇಲ್ಲಿಯದ್ದೇ ಹುಡುಗ ಅವನು. ನಮ್ಮ ಬಿಲ್ಡಿಂಗಿನ ವಾಚ್‌ಮನ್‌ಗೂ ಅವನ ಸ್ಕೋರು ಬಾಯಿಪಾಠ ಇತ್ತು.

ಊರಿನ ಹುಡುಗ ತಂಡದಲ್ಲಿರಬೇಕು ಅನ್ನುವ ನನ್ನ ಹಟಕ್ಕೆ ಇದು ಒಳ್ಳೆಯ ಸಾಕ್ಷಿ. ಇದಕ್ಕಿಂತ ದೊಡ್ಡದು 2014.

ಆ ಫೆಬ್ರವರಿ 2ರಂದು ಹೈದರಾಬಾದಿನಲ್ಲಿ ರಣಜಿ ಫೈನಲ್ ಮುಗಿಯಿತು. ಕರ್ನಾಟಕ ಗೆದ್ದದ್ದು ಮಹಾರಾಷ್ಟ್ರದ ಮೇಲೆ, ಏಳು ವಿಕೆಟ್ಟಿನಿಂದ. ನಾಯಕ ನಮ್ಮ ದಾವಣಗೆರೆಯ ವಿನಯ್ ಕುಮಾರ್. ಸೋಮವಾರ ಪುಣೆಯ ಆಫೀಸಿನಲ್ಲಿ ನಾನು ಹೇಗೆ ನಡೆದಿರಬಹುದು ಊಹಿಸಿಕೊಳ್ಳಿ. ಟೀಮಿನ ಮರಾಠಿ ಹುಡುಗರಿಗೆಲ್ಲ ಬೆಣ್ಣೆ ದೋಸೆ ಕೊಡಿಸುತ್ತೇನೆ ಅಂದೆ. ಇಲ್ಲಿ ನಮ್ಮೂರಿನ ಹದದ್ದು ಸಿಗದೆ ಬರೀ ಮಸಾಲೆ ದೋಸೆಯಲ್ಲೇ ಮುಗಿಯಿತು. ಹತ್ತು ದಿನಕ್ಕೆ, 12 ಮತ್ತು 13ರಂದು, ಬೆಂಗಳೂರಿನಲ್ಲೇ ಐಪಿಎಲ್ ಹರಾಜು. ಅದೇ ವಾರ ಚಿನ್ನಸ್ವಾಮಿಯಲ್ಲಿ ಕರ್ನಾಟಕ ಇರಾನಿ ಕಪ್ಪನ್ನೂ ಗೆದ್ದುಕೊಂಡಿತ್ತು. ದೇಶದಲ್ಲೇ ಒಳ್ಳೆಯ ಆಟಗಾರರು ಆರ್‌ಸಿಬಿಯ ಹಿತ್ತಲಲ್ಲೇ ಆಡುತ್ತಿದ್ದರು.

ಆರ್‌ಸಿಬಿ 14 ಕೋಟಿ ಕೊಟ್ಟು ಯುವರಾಜ್ ಸಿಂಗ್ ಅವರನ್ನು ಕೊಂಡಿತು. ರಾಬಿನ್ ಉತ್ತಪ್ಪ 5 ಕೋಟಿಗೆ, ವಿನಯ್ ಕುಮಾರ್ 2.8 ಕೋಟಿಗೆ, ಮನೀಶ್ ಪಾಂಡೆ 1.7 ಕೋಟಿಗೆ, ಮೂವರೂ ಕೋಲ್ಕತ್ತಾಗೆ ಹೋದರು. ಮೂವರದ್ದೂ ಸೇರಿಸಿದರೆ 9.5 ಕೋಟಿ. 1 ಕೋಟಿಗೆ ಕೆ.ಎಲ್. ರಾಹುಲ್ ಹೈದರಾಬಾದಿಗೆ, 75 ಲಕ್ಷಕ್ಕೆ ಕರುಣ್ ನಾಯರ್ ರಾಜಸ್ಥಾನಕ್ಕೆ. ಎಲ್ಲ ಕೂಡಿಸಿದರೂ ಒಬ್ಬ ಯುವರಾಜ್ ಆಗುವುದಿಲ್ಲ. ಆಮೇಲೆ ಆದದ್ದು ಗೊತ್ತೇ ಇದೆ. ಉತ್ತಪ್ಪ ಆ ಸೀಸನ್ನಿನಲ್ಲಿ 660 ರನ್ ಹೊಡೆದು ಆರೆಂಜ್ ಕ್ಯಾಪ್ ತೊಟ್ಟರು. ಜೂನ್ 1ರ ಫೈನಲ್ ನಡೆದದ್ದು ಚಿನ್ನಸ್ವಾಮಿಯಲ್ಲಿ. 200 ಬೆನ್ನಟ್ಟಿದ ಕೋಲ್ಕತ್ತಾಗೆ ಮನೀಶ್ 94 ಹೊಡೆದು ಕಪ್ಪು ತಂದುಕೊಟ್ಟರು. ನಮ್ಮ ಮೈದಾನ, ನಮ್ಮ ಹುಡುಗರು, ಬೇರೆಯವರ ಜರ್ಸಿ. ಯುವರಾಜ್ ಅವರನ್ನು ಮುಂದಿನ ವರ್ಷವೇ ಬಿಟ್ಟರು. ಯುವರಾಜ್ ಬಗ್ಗೆ ನನಗೆ ಬೇಜಾರಿಲ್ಲ, ಆ ವರ್ಷ ಅವರೂ 376 ರನ್ ಮಾಡಿದ್ದರು. ಆ ಟೇಬಲ್ಲಿನ ಲೆಕ್ಕದ ಬಗ್ಗೆ ಬೇಜಾರು ಈಗಲೂ ಇದೆ.

ಇಷ್ಟು ಹೇಳಿದ ಮೇಲೆ ನನ್ನ ವಾದಕ್ಕೇ ಕಲ್ಲು ಹಾಕುವ ಒಂದು ಸಂಗತಿಯನ್ನೂ ಹೇಳಲೇಬೇಕು.

2008ರಲ್ಲಿ ಮೊದಲ ಐಪಿಎಲ್ಲಿಗೆ ಮುಂಚೆ, ದೊಡ್ಡ ಹರಾಜು ಬಿಟ್ಟು, ಅಂಡರ್-19 ಹುಡುಗರಿಗೆ ಬೇರೆಯೇ ಡ್ರಾಫ್ಟ್ ನಡೆಯಿತು. ಮಲೇಷ್ಯಾದಲ್ಲಿ ವಿಶ್ವಕಪ್ ಗೆದ್ದು ಬಂದ ತಂಡದ ನಾಯಕ ಡೆಲ್ಲಿಯ ಹುಡುಗ. ಆರ್‌ಸಿಬಿಗಿಂತ ಮೊದಲು ಡೆಲ್ಲಿಯ ಸರದಿ ಬಂತು. ನಮ್ಮಲ್ಲಿ ಬ್ಯಾಟ್ಸ್‌ಮನ್‌ಗಳು ಸಾಕಷ್ಟಿದ್ದಾರೆ ಅಂತ ಅವರು ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್ ಅವರನ್ನು ಆರಿಸಿಕೊಂಡರು. ಉಳಿದ ವಿರಾಟ್ ಕೊಹ್ಲಿ ನಮ್ಮ ಪಾಲಿಗೆ ಬಂದರು. ಆ ದಿನದ ಮಟ್ಟಿಗೆ ಡೆಲ್ಲಿಯ ಲೆಕ್ಕ ತಪ್ಪೇನಲ್ಲ, ಅವರ ಹತ್ತಿರ ಸೆಹ್ವಾಗ್, ಗಂಭೀರ್ ಇದ್ದರು. ಆದರೆ ಡೆಲ್ಲಿಯವರು ತಮ್ಮ ಊರಿನ ಹುಡುಗನನ್ನು ಬಿಡದೇ ಇದ್ದಿದ್ದರೆ? ನಾನು ಬಯಸುವ ನಿಯಮ ಎಲ್ಲರಿಗೂ ಅನ್ವಯವಾದರೆ ಆರ್‌ಸಿಬಿಗೆ ಕೊಹ್ಲಿಯೇ ಇಲ್ಲ.

ರಜತ್ ಪಾಟೀದಾರ್ ಕಥೆ ಇದಕ್ಕಿಂತ ಸ್ವಾರಸ್ಯ. 2022ರ ಹರಾಜಿನಲ್ಲಿ ಇಂದೋರಿನ ಈ ಆಟಗಾರನನ್ನು ಯಾರೂ ಕೊಳ್ಳಲಿಲ್ಲ. ಆರ್‌ಸಿಬಿ ಆರಿಸಿಕೊಂಡಿದ್ದದ್ದು ಕರ್ನಾಟಕದ ವಿಕೆಟ್‌ಕೀಪರ್ ಲುವ್‌ನಿತ್ ಸಿಸೋಡಿಯಾ ಅವರನ್ನು. ಅವರಿಗೆ ಗಾಯವಾಯಿತು. ಬದಲಿಗೆ 20 ಲಕ್ಷಕ್ಕೆ ಪಾಟೀದಾರ್ ಬಂದರು, ಎಲಿಮಿನೇಟರಿನಲ್ಲಿ ಲಖನೌ ವಿರುದ್ಧ ಔಟಾಗದೆ 112 ಹೊಡೆದರು. ಮೂರು ವರ್ಷಕ್ಕೆ ಕಪ್ ಎತ್ತಿದ ನಾಯಕ ಅವರೇ. ಇದನ್ನು ಹೇಳಿದಾಗ ನನ್ನ ಕ್ಲೀವ್‌ಲ್ಯಾಂಡ್ ಗೆಳೆಯ ತನ್ನ ಕಡೆಯ ಎರಡು ಹೆಸರು ಹೇಳಿದ. 2000ದ ಡ್ರಾಫ್ಟಿನಲ್ಲಿ 199ನೆಯವನಾಗಿ ಆಯ್ಕೆಯಾಗಿ ಏಳು ಸೂಪರ್ ಬೌಲ್ ಗೆದ್ದ ಟಾಮ್ ಬ್ರೇಡಿ, 2022ರಲ್ಲಿ 262ನೆಯವನಾಗಿ, ಅಂದರೆ ಕಟ್ಟಕಡೆಯವನಾಗಿ ಬಂದು ಎರಡೇ ಸೀಸನ್ನಿಗೆ ಸೂಪರ್ ಬೌಲ್ ಆಡಿದ ಬ್ರಾಕ್ ಪರ್ಡಿ. ಅವರ ಕಡೆ ಕೊನೆಯ ಆಯ್ಕೆಗೆ 'ಕೆಲಸಕ್ಕೆ ಬಾರದವನು' ಅನ್ನುವ ಅರ್ಥದ ಬಿರುದೇ ಇದೆಯಂತೆ.

ಈಗ ಜೆಡ್ಡಾಗೆ ವಾಪಸು. ಆ ಎರಡು ದಿನ ನಾನು ಗುಂಪಿನಲ್ಲಿ ಬೈದದ್ದೆಲ್ಲ ಫೋನಿನಲ್ಲಿ ಹಾಗೇ ಇದೆ, ಮೊನ್ನೆ ತೆಗೆದು ಓದಿದೆ. ಜಿತೇಶ್ ಶರ್ಮಾಗೆ 11 ಕೋಟಿ ಕೊಟ್ಟಾಗ "ತಲೆ ಕೆಟ್ಟಿದೆ" ಅಂದಿದ್ದೆ. ಭುವನೇಶ್ವರ್‌ಗೆ 10.75 ಕೋಟಿ ಅಂದಾಗ "ರಿಟೈರ್ಮೆಂಟ್ ಫಂಡು". ಕೃಣಾಲ್ ಪಾಂಡ್ಯಗೆ 5.75 ಕೋಟಿ ಅಂದಾಗ ಬರೆದದ್ದನ್ನು ಇಲ್ಲಿ ಹಾಕಲಾಗುವುದಿಲ್ಲ. ವಿಲ್ ಜ್ಯಾಕ್ಸ್ ಅವರನ್ನು ನಮ್ಮವರು ಉಳಿಸಿಕೊಳ್ಳದೆ ಮುಂಬೈಗೆ ಬಿಟ್ಟಾಗ ಆಕಾಶ್ ಅಂಬಾನಿ ಎದ್ದು ಬಂದು ನಮ್ಮ ಟೇಬಲ್ಲಿನವರ ಕೈ ಕುಲುಕಿದರಲ್ಲ, ಆ ಹೊತ್ತಿಗೆ ನನ್ನ ಮಗ ಸೋಫಾ ಮೇಲೆ ಕುಣಿದ.

2025ರ ಮೇ 27ಕ್ಕೆ ಲಖನೌದಲ್ಲಿ 228 ಬೆನ್ನಟ್ಟುವಾಗ ಜಿತೇಶ್ 33 ಎಸೆತಕ್ಕೆ 85. ಜೂನ್ 3ರ ಫೈನಲ್ಲಿನಲ್ಲಿ ಕೃಣಾಲ್ ನಾಲ್ಕು ಓವರಿಗೆ ಬರೀ 17 ರನ್ ಕೊಟ್ಟು ಎರಡು ವಿಕೆಟ್ ಕಿತ್ತರು, ಪಂದ್ಯಶ್ರೇಷ್ಠ. ಭುವನೇಶ್ವರ್ ಹಳೆಯ ಗುಮಾಸ್ತರ ಹಾಗೆ ತಮ್ಮ ಕೆಲಸ ಮುಗಿಸಿ ಹೋದರು. ಹದಿನೇಳು ವರ್ಷ ಬ್ಯಾಟಿನ ಮೇಲೇ ದುಡ್ಡು ಸುರಿದು, ಬೌಲಿಂಗಿಗೆ ಚಿಲ್ಲರೆ ಉಳಿಸಿಕೊಳ್ಳುತ್ತಿದ್ದ ತಂಡ ಈ ಸಲ ಹೇಜಲ್‌ವುಡ್, ಭುವನೇಶ್ವರ್ ಇಬ್ಬರಿಗೇ 23 ಕೋಟಿಗೂ ಹೆಚ್ಚು ಇಟ್ಟಿತ್ತು. ರಾಹುಲ್‌ಗೆ ಕೈ ಇಳಿಸಿದ್ದು ಇದಕ್ಕೇ ಅಂತ ಈಗ ಕಾಣುತ್ತದೆ. ನಾವು ಗೆದ್ದದ್ದು ಆರೇ ರನ್ನಿನಿಂದ, ಅದೂ 190ನ್ನು ಕಾಪಾಡಿಕೊಂಡು. ಬೌಲರುಗಳ ಬದಲು ಇನ್ನೊಬ್ಬ ಬ್ಯಾಟ್ಸ್‌ಮನ್ ಇದ್ದಿದ್ದರೆ ಆಗುತ್ತಿತ್ತಾ? ಆಗುತ್ತಿರಲಿಲ್ಲ ಅಂತಲೇ ನನ್ನ ಲೆಕ್ಕ.

ಹಾಗಂತ ಏಪ್ರಿಲ್ 10ರ ರಾತ್ರಿ ಮರೆಯುವುದಕ್ಕಾಗುವುದಿಲ್ಲ. ಚಿನ್ನಸ್ವಾಮಿಯಲ್ಲಿ ಡೆಲ್ಲಿ ಪರ ರಾಹುಲ್ ಔಟಾಗದೆ 93 ಹೊಡೆದು ಗೆಲ್ಲಿಸಿ, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು, ಇದು ನನ್ನ ಜಾಗ ಅಂತ ತೋರಿಸಿದರು. ಸೋತದ್ದು ನನ್ನ ತಂಡ. ನಾನು ಮಾತ್ರ ಚಪ್ಪಾಳೆ ಹೊಡೆದೆ. ಹೆಂಡತಿ ಅಡುಗೆಮನೆಯಿಂದ ಬಂದು "ಯಾರು ಗೆದ್ರು?" ಅಂದಾಗ ಏನು ಹೇಳಬೇಕೋ ಗೊತ್ತಾಗಲಿಲ್ಲ.

ಆರ್‌ಸಿಬಿ ಪರ ಫೈನಲ್ ಆಡಿದವರಲ್ಲಿ ಕರ್ನಾಟಕದವರು ಮಯಂಕ್ ಅಗರವಾಲ್ ಒಬ್ಬರೇ. ಅವರೂ ಹರಾಜಿನಲ್ಲಿ ಬಿಕರಿಯಾಗದೆ ಉಳಿದು, ಪಡಿಕ್ಕಲ್ ಗಾಯಗೊಂಡ ಮೇಲೆ ಬದಲಿಯಾಗಿ ಬಂದವರು. 2017ರಲ್ಲಿ ಪುಣೆಗೆ ಆಡಿದ್ದವರು. ಪಡಿಕ್ಕಲ್ ಕೂಡ ಮೊದಲ ಸುತ್ತಿನಲ್ಲಿ ಯಾರಿಗೂ ಬೇಡವಾಗಿ, ಮರುದಿನ 2 ಕೋಟಿಯ ಮೂಲಬೆಲೆಗೇ ಬಂದವರು. ಇವರಿಬ್ಬರಿಗೆ ನಾನು ಹರಾಜಿನ ಹೊತ್ತಿನಲ್ಲಿ ಬೈದಿರಲಿಲ್ಲ, ಅಷ್ಟೇ ಸಮಾಧಾನ. ಜೂನ್ 3ರ ರಾತ್ರಿ ನಾವು ಏಳೆಂಟು ಜನ ಕನ್ನಡಿಗರು ಎಫ್‌ಸಿ ರಸ್ತೆಯಲ್ಲಿ ಕೂಗಾಡಿ ಗಂಟಲು ಕಟ್ಟಿಸಿಕೊಂಡೆವು. ಮರುದಿನ ಚಿನ್ನಸ್ವಾಮಿಯ ಹೊರಗೆ ಕಾಲ್ತುಳಿತದಲ್ಲಿ 11 ಜನ ತೀರಿಕೊಂಡರು. ಗುಂಪಿನಲ್ಲಿ ಹಲವು ದಿನ ಯಾರೂ ಏನೂ ಬರೆಯಲಿಲ್ಲ.

2025ರ ಡಿಸೆಂಬರ್ 16ಕ್ಕೆ ಅಬುಧಾಬಿಯಲ್ಲಿ ಮಿನಿ ಹರಾಜು ಇತ್ತು. 8.75 ಕೋಟಿಯ ಲಿವಿಂಗ್‌ಸ್ಟೋನ್ ಅವರನ್ನು ನಮ್ಮವರು ಒಂದೇ ವರ್ಷಕ್ಕೆ ಬಿಟ್ಟುಕೊಟ್ಟಿದ್ದರು. ಆ ಒಂದು ಹೆಸರಿಗೆ ಮಾತ್ರ ನಾನು ಬೈದದ್ದು ಸರಿಯಿತ್ತು ಅಂತ ಗುಂಪಿನಲ್ಲಿ ಸ್ಕ್ರೀನ್‌ಶಾಟ್ ಹಾಕಿದ್ದೆ. ಆ ಸಲ ಬೇಕಿದ್ದದ್ದು ಮಧ್ಯದಲ್ಲಿ ಆಡಬಲ್ಲ ಒಬ್ಬ ಆಲ್‌ರೌಂಡರ್, ಹೇಜಲ್‌ವುಡ್ ಗಾಯಗೊಂಡರೆ ಓಡಿ ಬರಲು ಒಬ್ಬ ವೇಗಿ. ಯಾವ ಊರಿನವನಾದರೂ ಸರಿ ಅಂತ ಗಟ್ಟಿಯಾಗಿ ಹೇಳುತ್ತಿದ್ದೆ.

ಮಗ ಮುಂಬೈ ಬಿಟ್ಟಿಲ್ಲ. ಆದರೆ ಹರಾಜಿನ ಹುಚ್ಚು ಹತ್ತಿದೆ. ಇಬ್ಬರೂ ಒಂದೊಂದು ಹಾಳೆಯಲ್ಲಿ ಆರ್‌ಸಿಬಿಗೆ ಯಾರು ಬೇಕು ಅಂತ ಐದು ಹೆಸರು ಬರೆದು ಮಡಚಿಟ್ಟಿದ್ದೆವು. ಹರಾಜು ಮುಗಿದ ಮೇಲೆ ಬಿಚ್ಚುವುದು ಅಂತ ಮಾತಾಗಿತ್ತು. ಅವನು ಶಾಲೆಗೆ ಹೋದಾಗ ಕದ್ದು ನೋಡಿದೆ. ಇಂಗ್ಲಿಷಿನಲ್ಲಿ ಬರೆದಿದ್ದ, ಮೊದಲ ಎರಡು ಹೆಸರು ಕರ್ನಾಟಕದವರದ್ದು. ನನ್ನ ಹಾಳೆಯಲ್ಲಿ ಒಬ್ಬರೂ ಇರಲಿಲ್ಲ.