ಯುನಿಕ್ಸ್ ಗಣಕದ ಜೋಂಬಿಗಳು

ಯುನಿಕ್ಸ್ ವ್ಯವಸ್ಥೆಯ ಗಣಕಕ್ಕೆ ‘ಪಿಎಸ್’ ಎಂಬ ಆಜ್ಞೆ ಕೊಟ್ಟರೆ ಆ ಹೊತ್ತಿನಲ್ಲಿ ಅದರೊಳಗಿರುವ ಪ್ರಕ್ರಿಯೆಗಳ ಪಟ್ಟಿ ತೆರೆಯ ಮೇಲೆ ಮೂಡುತ್ತದೆ. ಅದರಲ್ಲಿ ಒಮ್ಮೊಮ್ಮೆ ‘ಜೆಡ್’ ಅಕ್ಷರ ಹೊತ್ತ ಸಾಲೊಂದು ಇರುತ್ತದೆ. ‘ಕಿಲ್’ ಆಜ್ಞೆಯನ್ನು ಎಷ್ಟು ಸಲ ಕೊಟ್ಟರೂ ಅದು ಕದಲುವುದಿಲ್ಲ. ಕಾರಣ, ಅದು ಆಗಲೇ ಸತ್ತಿದೆ. ಜೆಡ್ ಎಂದರೆ ಜೋಂಬಿ.

ಹೆಸರಿನ ಬೇರು ಇರುವುದು ಹೈಟಿ ದೇಶದ ಜನಪದದಲ್ಲಿ. ಸತ್ತವನನ್ನು ಮಾಂತ್ರಿಕ ಎಬ್ಬಿಸಿ, ಬುದ್ಧಿಯಿಲ್ಲದ ಆಳಾಗಿ ದುಡಿಸಿಕೊಳ್ಳುತ್ತಾನೆಂಬುದು ಅಲ್ಲಿನ ನಂಬಿಕೆ. ಫ್ರೆಂಚರ ಕಬ್ಬಿನ ತೋಟಗಳಲ್ಲಿ ಗುಲಾಮರಾಗಿ ಬೆಂದವರ ಸಂತತಿಗೆ, ಸತ್ತ ಮೇಲೂ ದುಡಿತ ತಪ್ಪದೆಂಬುದಕ್ಕಿಂತ ಘೋರವಾದ ಕಲ್ಪನೆ ಇದ್ದೀತೇ? 1932ರ ‘ವೈಟ್ ಜೋಂಬಿ’ ಚಿತ್ರ ಈ ಪದವನ್ನು ಅಮೆರಿಕದ ಪರದೆಗೆ ತಂದಿತು. ಅದೇ ದೇಶದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ 1969ರಲ್ಲಿ ಆರಂಭಿಸಿದ ಯುನಿಕ್ಸಿನ ಒಳಗೂ ಅದು ಹೊಕ್ಕಿತು; 1975ರ ಆರನೆಯ ಆವೃತ್ತಿಯಲ್ಲಿ ಈ ಹೆಸರು ಕಾಣುತ್ತದೆ.

ಆದರೆ ಗಣಕದ ಜೋಂಬಿ ಒಂದು ಕಡ್ಡಿಯನ್ನೂ ಎತ್ತಿಡುವುದಿಲ್ಲ. ಉತ್ತರಕ್ರಿಯೆ ನಡೆಯದೆ ಉಳಿದ ಪ್ರೇತಕ್ಕೇ ಅದು ಹೆಚ್ಚು ಹತ್ತಿರ. ಯುನಿಕ್ಸಿನಲ್ಲಿ ಪ್ರತಿ ಪ್ರಕ್ರಿಯೆಗೂ ತಾಯಿ ಪ್ರಕ್ರಿಯೆಯೊಂದಿರುತ್ತದೆ. ಮಗು ಕೆಲಸ ಮುಗಿಸಿದಾಗ ಅದರ ಸ್ಮೃತಿಯ ಜಾಗವನ್ನೆಲ್ಲ ವ್ಯವಸ್ಥೆ ಹಿಂದಕ್ಕೆ ಪಡೆಯುತ್ತದೆ. ಆದರೆ ಕೆಲಸ ಕೈಗೂಡಿತೋ ಕೆಟ್ಟಿತೋ ಎಂದು ತಾಯಿಗೆ ತಿಳಿಯಬೇಕಲ್ಲ? ಅದಕ್ಕಾಗಿ ಮಗುವಿನ ಸಂಖ್ಯೆ ಮತ್ತು ಕೊನೆಯ ಫಲಿತಾಂಶ ಪಟ್ಟಿಯಲ್ಲಿ ಉಳಿಯುತ್ತವೆ. ತಾಯಿ ‘ವೇಟ್’ ಎಂದು ವಿಚಾರಿಸಿಕೊಂಡ ಮೇಲಷ್ಟೇ ಹೆಸರು ಅಳಿಯುತ್ತದೆ. ಹಾಗಾಗಿ ಕ್ಷಣಮಾತ್ರಕ್ಕಾದರೂ ಜೋಂಬಿಯಾಗುವುದು ಸಹಜವೇ. ತೊಂದರೆ ಇರುವುದು ವಿಚಾರಿಸದ ತಾಯಿಯಲ್ಲಿ.

ಬೇಕೆಂದೇ ಜೋಂಬಿಯನ್ನು ಸೃಷ್ಟಿಸಲು ಸಿ ಭಾಷೆಯ ಹತ್ತು ಸಾಲು ಸಾಕು. ತಾಯಿ ‘ಫೋರ್ಕ್’ ಎಂದು ಮಗುವನ್ನು ಹುಟ್ಟಿಸುತ್ತದೆ; ಮಗು ಹುಟ್ಟಿದೊಡನೆ ‘ಎಕ್ಸಿಟ್’ ಎನ್ನುತ್ತದೆ; ತಾಯಿ ‘ವೇಟ್’ ಎನ್ನದೆ ‘ಸ್ಲೀಪ್’ ಎಂದು ಒಂದು ನಿಮಿಷ ನಿದ್ದೆ ಹೋಗುತ್ತದೆ. ಅಷ್ಟು ಹೊತ್ತೂ ಪಟ್ಟಿಯಲ್ಲಿ ಜೋಂಬಿ. ವಿದ್ಯಾರ್ಥಿಗಳಿಗೆ ಇದೊಂದು ಮೋಜಿನ ಪ್ರಯೋಗ.

ಹಗಲಿರುಳು ನಡೆಯುವ ಸರ್ವರ್‌ನಲ್ಲಿ ಮಾತ್ರ ಮೋಜಲ್ಲ. ಪ್ರಕ್ರಿಯೆಗಳ ಸಂಖ್ಯೆಗೆ ಮಿತಿಯಿದೆ. ಲಿನಕ್ಸಿನಲ್ಲಿ ಅದು ಬಹುಕಾಲ 32,768 ಆಗಿತ್ತು. ಸತ್ತವರೇ ಅದನ್ನೆಲ್ಲ ಹಿಡಿದು ಕೂತರೆ ಹೊಸದು ಹುಟ್ಟಲು ಸಂಖ್ಯೆಯೇ ಉಳಿಯದು. ಸ್ಮೃತಿ ಬೇಕಾದಷ್ಟು ಖಾಲಿ ಬಿದ್ದಿದ್ದರೂ, ರಿಪೇರಿಗೆ ಬಂದವನು ಒಳಹೊಗಲೂ ಆಗದಂಥ ಸ್ಥಿತಿ ಒದಗುತ್ತದೆ.

ಇದಕ್ಕೆ ತಾತ್ಕಾಲಿಕ ಪರಿಹಾರ ತುಸು ಕ್ರೂರವಾದದ್ದು: ತಾಯಿಯನ್ನೇ ಕೊಲ್ಲುವುದು. ಆಗ ಅನಾಥವಾದ ಮಕ್ಕಳನ್ನು, ಸತ್ತವನ್ನೂ ಸೇರಿಸಿ, ಒಂದನೆಯ ಸಂಖ್ಯೆಯ ‘ಇನಿಟ್’ ಪ್ರಕ್ರಿಯೆ ದತ್ತು ತೆಗೆದುಕೊಂಡು ಕೊನೆಯ ವಿಚಾರಣೆ ಮುಗಿಸುತ್ತದೆ. ಈಚೆಗೆ ಬಳಕೆಗೆ ಬಂದ ಕಂಟೇನರ್‌ಗಳಲ್ಲಿ ಆ ಒಂದನೆಯ ಸಂಖ್ಯೆ ಯಾವುದೋ ಸಾಮಾನ್ಯ ಪ್ರೋಗ್ರಾಮಿನ ಪಾಲಾಗಿ, ದತ್ತು ಮಕ್ಕಳನ್ನು ವಿಚಾರಿಸುವವರೇ ಇಲ್ಲವಾದರು. ಡಾಕರ್ ಎಂಬ ಕಂಟೇನರ್ ತಂತ್ರಾಂಶಕ್ಕೆ 2017ರಲ್ಲಿ, ಬೇಕೆಂದವರಿಗಾಗಿ, ಇದನ್ನು ಮಾಡಲೆಂದೇ ‘ಟಿನಿ’ ಎಂಬ ಪುಟ್ಟ ಪ್ರೋಗ್ರಾಮನ್ನು ಸೇರಿಸಲಾಯಿತು.