ಹಿಮದ ನಾಡಿನಲ್ಲಿ ಮಳೆನೀರು ಮನೆಯಡಿ ಸೇರಿದ ಬಗೆ

1862ರ ಮೇ 20ರಂದು ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ ಹೋಮ್‌ಸ್ಟೆಡ್ ಕಾಯ್ದೆಗೆ ಸಹಿ ಹಾಕಿದರು. ಸರ್ಕಾರಿ ನೆಲದಲ್ಲಿ ಐದು ವರ್ಷ ನೆಲೆಸಿ ಉತ್ತು ಬಿತ್ತಿದವರಿಗೆ 160 ಎಕರೆ ಸ್ವಂತ. 1872ರಲ್ಲಿ ಕೆನಡಾ ಕೂಡ ತನ್ನ ಪಶ್ಚಿಮದ ಬಯಲುಸೀಮೆಗೆ ಇಂಥದ್ದೇ ಕಾಯ್ದೆ ತಂದಿತು. ಮೂಲನಿವಾಸಿಗಳ ಕೈತಪ್ಪಿಸಿದ ಆ ನೆಲಕ್ಕೆ ಸಾವಿರಾರು ಸಂಸಾರಗಳು ಬಂದಿಳಿದವು. ಹಕ್ಕುಪತ್ರದಲ್ಲಿ ಜಮೀನಿನ ಅಳತೆಯಿತ್ತು, ನೀರಿನ ಭರವಸೆ ಇರಲಿಲ್ಲ.

ಬಾವಿ ತೋಡಿದರೆ ಎಷ್ಟೋ ಕಡೆ ನೀರು ಬಲು ಆಳದಲ್ಲಿ. ಸಿಕ್ಕರೂ ಸವುಳು, ಇಲ್ಲವೇ ಸಾಬೂನು ನೊರೆಯೇಳದಷ್ಟು ಗಡಸು. ಉಳಿದದ್ದು ಮಳೆ. ಆದರೆ ಕೆನಡಾದ ಬಯಲುಸೀಮೆಯ ರೆಜೈನಾ ನಗರದ ಸುತ್ತಮುತ್ತ ವರ್ಷಕ್ಕೆ ಬೀಳುವುದು ಸುಮಾರು 400 ಮಿಲಿಮೀಟರ್, ಅದರಲ್ಲೂ ಒಂದು ಪಾಲು ಹಿಮ. ನವೆಂಬರಿನಿಂದ ಮಾರ್ಚ್‌ವರೆಗೆ ಸೂರಿನಿಂದ ನೀರು ಇಳಿಯುವುದೇ ಅಪರೂಪ. ಬೇಸಿಗೆಯ ಮಳೆಯನ್ನು ಚಳಿಗಾಲಕ್ಕೆ ದಾಟಿಸಬೇಕಿತ್ತು.

ಮೊದಲು ಸೂರು

ಬಯಲಿನಲ್ಲಿ ಮರ ಕಡಿಮೆ. ಹಾಗಾಗಿ ಮೊದಮೊದಲ ಮನೆಗಳನ್ನು ಹುಲ್ಲಿನ ಬೇರು ಸಮೇತ ಕತ್ತರಿಸಿದ ಮಣ್ಣಿನ ಹೆಂಟೆಗಳಿಂದ ಕಟ್ಟಿದರು. ಸೂರೂ ಅದೇ. ಮಳೆ ನಿಂತ ಮೇಲೂ ಕೆಸರು ತೊಟ್ಟಿಕ್ಕುವ ಸೂರಿನಿಂದ ಯಾವ ನೀರು ಹಿಡಿಯುವುದು? ರೈಲು ಮರಮುಟ್ಟು ತಂದಿತು, ಮರದ ಬಿಲ್ಲೆ ಹೊದಿಸಿದ ಇಳಿಜಾರು ಸೂರು ಬಂತು, ಸೂರಿನಂಚಿಗೆ ದೋಣಿ ಕಟ್ಟಿದರು. ಮಳೆನೀರಿನ ಕೊಯ್ಲು ಶುರುವಾದದ್ದು ಆಗ.

ಸೂರಿನ ಕೆಳಗಿಟ್ಟ ಮರದ ಪೀಪಾಯಿ ಬೇಸಿಗೆಗೆ ಸಾಕಾಗುತ್ತಿತ್ತು. ಚಳಿಗಾಲಕ್ಕೆ ಅದು ಆಗದು, ಹೆಪ್ಪುಗಟ್ಟಿದ ನೀರು ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ತುಂಬಿದ ಪೀಪಾಯಿಯನ್ನು ಹೊರಗೇ ಬಿಟ್ಟರೆ ಬಿರಿಯಬಹುದು. ನೀರನ್ನು ನೆಲದೊಳಗೆ ಇಳಿಸದೆ ಗತಿಯಿರಲಿಲ್ಲ.

ನೆಲವೇ ಕಾವಲು

ಕೆನಡಾದ ದಕ್ಷಿಣ ಮ್ಯಾನಿಟೋಬಾದಂಥ ಕಡೆ ಕಡುಚಳಿಗೆ ನೆಲವೂ ಸುಮಾರು ಎರಡು ಮೀಟರ್ ಆಳದವರೆಗೆ ಗಟ್ಟಿಯಾಗುತ್ತದೆ. ಅದರ ಕೆಳಗಿನ ಮಣ್ಣು ಹೆಪ್ಪುಗಟ್ಟುವುದಿಲ್ಲ. ಇದನ್ನರಿತವರು ಅಡುಗೆಮನೆಯ ಅಡಿಯಲ್ಲೋ ನೆಲಮಾಳಿಗೆಯ ಮೂಲೆಯಲ್ಲೋ ಇಟ್ಟಿಗೆ ಕಟ್ಟಿ, ಸಿಮೆಂಟ್ ಗಾರೆ ಬಳಿದು ತೊಟ್ಟಿ ಮಾಡಿದರು. ಕಾಂಕ್ರೀಟ್ ತೊಟ್ಟಿಗಳು ಆಮೇಲೆ ಬಂದವು. ಮೇಲೆ ಮನೆಯ ಬಿಸುಪು, ಸುತ್ತ ಮಣ್ಣಿನದು. ನೀರಿನ ಗುಣವೂ ನೆರವಿಗೆ ಬಂತು. 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರು ಅತಿ ಭಾರ. ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟಿದರೂ ತಳದಲ್ಲಿ ನೀರು ನೀರಾಗಿಯೇ ಇರುತ್ತದೆ.

ಮೊದಲ ಮಳೆ ಸೂರಿನ ಧೂಳು, ಹಕ್ಕಿಯ ಹಿಕ್ಕೆ ತೊಳೆದು ಆಚೆ ಹೋಗಬೇಕು. ನೀರಿಳಿವ ಕೊಳವೆಯಲ್ಲಿದ್ದ ತಗಡಿನ ಕದವನ್ನು ಆಮೇಲಷ್ಟೇ ತೊಟ್ಟಿಯತ್ತ ತಿರುಗಿಸುತ್ತಿದ್ದರು. ನೀರು ಮರಳು, ಇದ್ದಿಲಿನ ಮೂಲಕ ಸೋಸಿ ಬರುತ್ತಿತ್ತು. ಕೆಲವರು ತೊಟ್ಟಿಯ ನಡುವೆಯೇ ಮೆತ್ತನೆ ಇಟ್ಟಿಗೆಯ ಅಡ್ಡಗೋಡೆ ಕಟ್ಟಿ, ಅದರಲ್ಲಿ ಜಿನುಗಿದ್ದನ್ನಷ್ಟೇ ಮೇಲೆತ್ತುತ್ತಿದ್ದರು.

ಅಡುಗೆಮನೆಯ ಬಚ್ಚಲ ಬದಿಯಲ್ಲಿ ಎರಕದ ಕಬ್ಬಿಣದ ಕೈಪಂಪು. ರಾತ್ರಿ ಮಲಗುವ ಮುನ್ನ ಅದರ ಹಿಡಿಯನ್ನು ಪೂರ್ತಿ ಮೇಲೆತ್ತಿದರೆ ಗಾಳಿ ಒಳನುಗ್ಗಿ, ಕೊಳವೆಯಲ್ಲಿದ್ದ ನೀರೆಲ್ಲ ತೊಟ್ಟಿಗೆ ಮರಳುತ್ತಿತ್ತು. ಮರೆತರೆ ಬೆಳಗಾಗುವಷ್ಟರಲ್ಲಿ ಪಂಪು ಸೀಳಬಹುದು. ಬೆಳಿಗ್ಗೆ ಎತ್ತಿಟ್ಟಿದ್ದ ಒಂದು ಚೆಂಬು ನೀರು ಹೊಯ್ದು, ಒಣಗಿದ ತೊಗಲಿನ ವಾಷರು ನೆನೆಸಿ ಹಿಡಿ ಒತ್ತಿದರೆ ಮತ್ತೆ ನೀರು.

ಲೆಕ್ಕ ಸುಲಭ. 100 ಚದರ ಮೀಟರ್ ಸೂರಿನ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್. ನಮ್ಮ ಸಂಪುಗಳದೂ ಇದೇ ಲೆಕ್ಕ. ಚಳಿಗೆ ಮುನ್ನ 10,000 ಲೀಟರ್ ತುಂಬಿಕೊಂಡರೂ ನವೆಂಬರಿನಿಂದ ಮಾರ್ಚ್ ಕೊನೆಯವರೆಗೆ ದಿನಕ್ಕೆ ಸಿಗುವುದು 66 ಲೀಟರ್, ನಾಲ್ಕೈದು ಬಿಂದಿಗೆ. ಹಿಮ ಕರಗಿಸೋಣವೆಂದರೆ ಹೊಸ ಹಿಮ ಹತ್ತು ಬಕೆಟ್ ಹಾಕಿದರೆ ನೀರು ಸುಮಾರು ಒಂದು ಬಕೆಟ್. ಅದಕ್ಕೂ ಸೌದೆ ಸುಡಬೇಕು. ಬಟ್ಟೆ ಒಗೆದ ನೀರಿನಲ್ಲೇ ನೆಲ ತೊಳೆಯುವುದು ಅಂಥ ಮನೆಯ ಸಹಜ ರೂಢಿ.

ಮರೆತದ್ದು, ಮರಳಿದ್ದು

1936ರ ಗ್ರಾಮೀಣ ವಿದ್ಯುದೀಕರಣ ಕಾಯ್ದೆಯ ನಂತರ ಅಮೆರಿಕದ ತೋಟದ ಮನೆಗಳಿಗೆ ಕರೆಂಟು ಬಂತು, ಆಳದ ಬಾವಿಗೆ ಮೋಟಾರು ಇಳಿಯಿತು, ಮುಂದೆ ಹಳ್ಳಿಗಳಿಗೆ ಕೊಳಾಯಿಯೂ ಬಂತು. ಎಷ್ಟೋ ತೊಟ್ಟಿಗಳಿಗೆ ಮಣ್ಣು ತುಂಬಿದರು. ಅಂತರ್ಜಲ ಕುಸಿಯುತ್ತಿರುವ ಈ ದಿನಗಳಲ್ಲಿ ಮಳೆನೀರಿನತ್ತ ಮತ್ತೆ ಒಲವು ಮೂಡಿದೆ, ಈ ಸಲ ಪ್ಲಾಸ್ಟಿಕ್ ಟ್ಯಾಂಕಿನೊಂದಿಗೆ. ಅಂಗಳದಲ್ಲಿಟ್ಟ ಸಾಮಾನ್ಯ ಟ್ಯಾಂಕನ್ನು ಚಳಿ ಹಿಡಿಯುವ ಮುನ್ನ ಬರಿದು ಮಾಡಲೇಬೇಕು. ವರ್ಷವಿಡೀ ನೀರು ಬೇಕೆನ್ನುವವರು ಟ್ಯಾಂಕನ್ನೂ ಕೊಳವೆಯನ್ನೂ ಹೆಪ್ಪುಗಟ್ಟುವ ಆಳದ ಕೆಳಗೆ ಹೂಳುತ್ತಾರೆ, ಇಲ್ಲವೇ ಬೆಚ್ಚನೆಯ ನೆಲಮಾಳಿಗೆಯಲ್ಲಿಡುತ್ತಾರೆ.

ನಾವು ಮಳೆನೀರಿನಲ್ಲಿ ಬೇಸಿಗೆ ದಾಟಬೇಕು, ಅವರು ಚಳಿಗಾಲ. ಎರಡು ಕಡೆಯೂ ಟ್ಯಾಂಕು ಎಷ್ಟು ಲೀಟರಿನದು ಎಂಬ ಪ್ರಶ್ನೆ ಕೊನೆಯದಾಗಬೇಕು. ಸೂರು ಎಷ್ಟು ಅಗಲ, ಮಳೆ ಯಾವ ತಿಂಗಳಿಗೆ ನಿಲ್ಲುತ್ತದೆ, ಮುಂದಿನ ಮಳೆಗೆ ಎಷ್ಟು ದಿನ ಕಾಯಬೇಕು, ನಮ್ಮ ನೆಲದ ಗುಣವೇನು ಎಂಬುದನ್ನು ತಿಳಿದು ಕಟ್ಟಿದ ತೊಟ್ಟಿಯೇ ಕಷ್ಟದ ತಿಂಗಳಲ್ಲಿ ಕೈಹಿಡಿಯುವುದು.